ಎಲುಬು-ಕೀಲು ವಿಭಾಗದ ಇಲೆಕ್ಟಿವ್: ಹುಬ್ಬಳ್ಳಿ-ಧಾರವಾಡದ ತರಬೇತಿಯ ಒಂದು ವಿಮರ್ಶೆ

ಎಂಬಿಬಿಎಸ್ ಕೊನೆಯ ಹಂತದ ವಿದ್ಯಾರ್ಥಿಗಳಿಗೆ ಎಲುಬು-ಕೀಲು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ದೊರೆಯುವ ಇಲೆಕ್ಟಿವ್ (ವಿದ್ಯಾರ್ಥಿಯೇ ಆರಿಸಿಕೊಳ್ಳುವ) ತರಬೇತಿಯನ್ನು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಒಂದು ಬೋಧನಾ ಆಸ್ಪತ್ರೆಯಲ್ಲಿ ಮುಗಿಸಿ, ಈಗ ಹೌಸ್ ಸರ್ಜನ್ ಆಗಿರುವ ನಾನು, ಮುಂದಿನ ಬ್ಯಾಚಿನವರು ತಮ್ಮ ಆಯ್ಕೆಯನ್ನು ಬರೆದುಕೊಡುವ ಮೊದಲು ಈ ತರಬೇತಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟರ್ ರೂಮಿನ ಕಲಿಕೆ ಅತ್ಯುತ್ತಮ, ಓಪಿಡಿಯದು ಉತ್ತಮ, ಆಪರೇಷನ್ ಥಿಯೇಟರಿನದು ಸಾಧಾರಣ, ಮೌಲ್ಯಮಾಪನವಂತೂ ಹೆಸರಿಗೆ ಮಾತ್ರ. ಆದರೆ ವಿದ್ಯಾರ್ಥಿಗಳು ಈ ವಿಭಾಗವನ್ನು ಆರಿಸಿಕೊಳ್ಳುವುದು ಬಹುಮಟ್ಟಿಗೆ ಥಿಯೇಟರಿನ ಆಸೆಯಿಂದಲೇ. ಆ ಆಸೆಯನ್ನು ಸ್ವಲ್ಪ ಬದಿಗಿಟ್ಟು ಬಂದವರಿಗೆ, ಮುಂದೆ ಅವರು ಯಾವ ವಿಷಯದಲ್ಲಿ ಪರಿಣತಿ ಪಡೆದರೂ ಸರಿ, ಇಷ್ಟು ಉಪಯುಕ್ತವಾದ ಪೋಸ್ಟಿಂಗ್ ಮತ್ತೊಂದು ಸಿಗಲಾರದು ಎಂಬುದು ನನ್ನ ನಂಬಿಕೆ.

ಇಲೆಕ್ಟಿವ್ ಪದ್ಧತಿ ನಮ್ಮ ವೈದ್ಯಕೀಯ ಶಿಕ್ಷಣಕ್ಕೆ ಬಂದದ್ದು 2019ರ ಸಾಮರ್ಥ್ಯ ಆಧಾರಿತ ಪಠ್ಯಕ್ರಮದ ಜೊತೆಗೆ. ಮೂರನೆಯ ಎಂಬಿಬಿಎಸ್‌ನ ಮೊದಲ ಭಾಗದ ಪರೀಕ್ಷೆ ಮುಗಿದು ಎರಡನೆಯ ಭಾಗ ಶುರುವಾಗುವ ನಡುವೆ ತಲಾ ನಾಲ್ಕು ವಾರಗಳ ಎರಡು ಅವಧಿಗಳನ್ನು ಆ ಪಠ್ಯಕ್ರಮ ವಿದ್ಯಾರ್ಥಿಯ ಸ್ವಂತ ಆಯ್ಕೆಗೆ ಬಿಟ್ಟುಕೊಟ್ಟಿತು. ಮುಂದೆ ಈ ಅವಧಿಯನ್ನು ಕಡಿಮೆ ಮಾಡಲಾಗಿರುವುದರಿಂದ ತಮ್ಮ ಬ್ಯಾಚಿಗೆ ಎಷ್ಟು ದಿನ ಎಂಬುದನ್ನು ಪ್ರತಿಯೊಬ್ಬರೂ ಕಾಲೇಜಿನ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಶೇ 75ರಷ್ಟು ಹಾಜರಾತಿ ಮತ್ತು ಮಾಡಿದ ಕೆಲಸವನ್ನು ಬರೆದು ತುಂಬಿದ ಲಾಗ್‌ಬುಕ್ ಇಲ್ಲದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮವನ್ನು ಆ ಪಠ್ಯಕ್ರಮವೇ ಮಾಡಿದೆ. ಈ ಅವಕಾಶಕ್ಕೆ ಎಲುಬಿನ ವಿಭಾಗದಲ್ಲಿ ವಿಶೇಷ ಬೆಲೆ ಇರುವುದಕ್ಕೆ ಕಾರಣವಿದೆ. ಅಂತಿಮ ಪರೀಕ್ಷೆಯಲ್ಲಿ ಆರ್ಥೋಪೆಡಿಕ್ಸ್ ಪ್ರತ್ಯೇಕ ವಿಷಯವಲ್ಲ, ಸರ್ಜರಿಯ ಒಂದು ಭಾಗ ಅಷ್ಟೇ. ಆದ್ದರಿಂದ ಓದುವಾಗ ಅದು ಕೊನೆಗೆ ಉಳಿಯುತ್ತದೆ. 2021ರ ಇಂಟರ್ನ್‌ಶಿಪ್ ನಿಯಮಾವಳಿಯಲ್ಲಿಯೂ ಪುನಶ್ಚೇತನ ಚಿಕಿತ್ಸೆಯನ್ನೂ ಸೇರಿಸಿ ಈ ವಿಭಾಗಕ್ಕೆ ಸಿಕ್ಕಿರುವುದು ಎರಡೇ ವಾರ. ಎರಡು ವಾರದ ಈ ಅನುಭವವನ್ನು ಇಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ ವೈದ್ಯನ ಎದುರಿಗೆ ಮೊದಲು ಬಂದು ನಿಲ್ಲುವುದೇ ಬೈಕಿನಿಂದ ಬಿದ್ದವರು, ಅಂಗಳದಲ್ಲಿ ಜಾರಿದ ಮುದುಕಿ, ಗಿಡದಿಂದ ಬಿದ್ದ ಹುಡುಗ.

ನಮ್ಮ ಭಾಗದಲ್ಲಿ ಈ ತರಬೇತಿಗೆ ಆಸ್ಪತ್ರೆಗಳ ಕೊರತೆ ಇಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಆರಂಭವಾಗಿ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಉಳಿದಿರುವ ಸರ್ಕಾರಿ ಸಂಸ್ಥೆ, ಧಾರವಾಡದ ಸತ್ತೂರಿನಲ್ಲಿ 2003ರಲ್ಲಿ ಆರಂಭವಾದ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು, ಇವೆಲ್ಲ ಒಂದೆರಡು ಗಂಟೆಗಳ ಹಾದಿಯಲ್ಲಿವೆ. ಅವಳಿ ನಗರದ ನಡುವೆ ಓಡಾಡುವ ಚಿಗರಿ ಬಸ್ಸು ಬಂದ ಮೇಲೆ ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಸತ್ತೂರಿಗೆ, ಧಾರವಾಡದಲ್ಲಿ ಇದ್ದುಕೊಂಡು ವಿದ್ಯಾನಗರಕ್ಕೆ ಹೋಗಿಬರುವುದು ವಿದ್ಯಾರ್ಥಿಗಳಿಗೆ ಸುಲಭವಾಗಿದೆ. ನಾನು ತರಬೇತಿ ಪಡೆದ ಆಸ್ಪತ್ರೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಕಂಡ ಗುಣಗಳೂ ದೋಷಗಳೂ ಒಂದು ಕಟ್ಟಡಕ್ಕೆ ಸೇರಿದವಲ್ಲ, ಬೇರೆ ಕಾಲೇಜುಗಳ ಗೆಳೆಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ರೋಗಿಗಳ ವೈವಿಧ್ಯವನ್ನು ಮಾತ್ರ ಈ ನೆಲವೇ ಕೊಡುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಹುಬ್ಬಳ್ಳಿ-ಧಾರವಾಡ ಬೈಪಾಸ್ ವರ್ಷಗಟ್ಟಲೆ ಇಕ್ಕಟ್ಟಾದ ಎರಡು ಪಥಗಳ ರಸ್ತೆಯಾಗಿಯೇ ಉಳಿದು ಎಷ್ಟು ಜನರನ್ನು ಆಸ್ಪತ್ರೆಗೆ ತಂದು ಹಾಕಿದೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಿತ್ತನೆ ಮತ್ತು ಸುಗ್ಗಿಯ ಕಾಲಕ್ಕೆ ಟ್ರ್ಯಾಕ್ಟರ್, ರಾಶಿ ಮಾಡುವ ಯಂತ್ರಗಳಿಂದ ಕೈಗೆ ಪೆಟ್ಟಾದವರು ಬರುತ್ತಾರೆ. ದೀಪಾವಳಿಯ ನಂತರ ಹಾವೇರಿ ಕಡೆಯಿಂದ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ತುಳಿಸಿಕೊಂಡವರು, ತಿವಿಸಿಕೊಂಡವರು ಬರುತ್ತಾರೆ. ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ, ಬೆನ್ನು ಬಗ್ಗಿಸಲಾಗದೆ, ಕತ್ತು ತಿರುಗಿಸಲಾಗದೆ ಬರುವ ನಡುವಯಸ್ಸಿನವರನ್ನು ಓಪಿಡಿಯಲ್ಲಿ ಕಾಣಬಹುದು. ಅಂಥವರ ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ತೆಳುಪೊರೆ ಸುಣ್ಣಗಟ್ಟಿ ಬೆಳ್ಳಗೆ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಗುರುತನ್ನು ನಮ್ಮ ಯೂನಿಟ್ಟಿನ ಪ್ರಾಧ್ಯಾಪಕರು ವ್ಯೂ ಬಾಕ್ಸಿಗೆ ಹಚ್ಚಿ ತೋರಿಸಿದ ಮೇಲೆ, ಬೆನ್ನುನೋವೆಂದು ಬಂದವರನ್ನು ಕುಡಿಯುವ ನೀರು ಯಾವ ಬಾವಿಯದೆಂದು ಕೇಳುವುದು ನನಗೆ ರೂಢಿಯಾಯಿತು.

ಇನ್ನು ಪ್ಲಾಸ್ಟರ್ ರೂಮಿನ ಮಾತು. ಓಪಿಡಿಯ ಹಿಂಬದಿಯ ಆ ಕೋಣೆಯಲ್ಲಿ ಒಂದು ಸಿಂಕು, ಒಂದು ಎತ್ತರದ ಮಂಚ, ನೆಲವೆಲ್ಲ ಬಿಳಿ ಪುಡಿ. ಅಲ್ಲಿಯ ಗುರುಗಳು ಪ್ರಾಧ್ಯಾಪಕರಲ್ಲ, ಬಹಳ ವರ್ಷಗಳಿಂದ ಅದೇ ಕೆಲಸ ಮಾಡುತ್ತ ಬಂದಿರುವ ಪ್ಲಾಸ್ಟರ್ ಟೆಕ್ನಿಷಿಯನ್. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜನ್ನು ನೀರಿಗೆ ಇಳಿಸಿ ಗುಳ್ಳೆ ಏಳುವುದು ನಿಲ್ಲುವವರೆಗೆ ಕಾಯಬೇಕು, ಹಿಂಡುವಾಗ ತಿರುಚಬಾರದು, ಎರಡು ತುದಿಯಿಂದ ಒಳಕ್ಕೆ ಒತ್ತಬೇಕು, ನೀರು ಬಿಸಿಯಾಗಿದ್ದರೆ ಪ್ಲಾಸ್ಟರ್ ಬೇಗ ಗಟ್ಟಿಯಾಗುವುದಷ್ಟೇ ಅಲ್ಲ, ಗಟ್ಟಿಯಾಗುವಾಗ ಹುಟ್ಟುವ ಕಾವು ಚರ್ಮವನ್ನು ಸುಡಲೂಬಹುದು ಎಂಬುದನ್ನೆಲ್ಲ ಅವರು ಮಾಡಿ ತೋರಿಸಿ, ನಮ್ಮಿಂದ ಮಾಡಿಸಿ ಕಲಿಸಿದರು. ಕೈಗೆ ಎಂಟರಿಂದ ಹತ್ತು ಪದರ, ಕಾಲಿಗೆ ಅದಕ್ಕಿಂತ ಹೆಚ್ಚು, ಅದರ ಕೆಳಗೆ ಹತ್ತಿಯ ಸುತ್ತು, ಮಣಿಕಟ್ಟು ಹಿಮ್ಮಡಿಗಳಂಥ ಎಲುಬು ಎದ್ದಿರುವಲ್ಲಿ ಹತ್ತಿ ಇನ್ನೂ ದಪ್ಪ. ಹಸಿ ಪ್ಲಾಸ್ಟರನ್ನು ಆಕಾರಕ್ಕೆ ತರುವಾಗ ಯಾರಾದರೂ ಬೆರಳಿನಿಂದ ಒತ್ತಿದರೆ ಅವರು ತಕ್ಷಣ ತಡೆಯುತ್ತಿದ್ದರು: "ಮೇಡಂ, ಬಟ್ಟಿನ ತುದೀಲೆ ಹಿಡೀಬ್ಯಾಡ್ರಿ, ಅಂಗೈಲೆ ಹಿಡೀರಿ. ನೀವು ಒತ್ತಿದ ಕುಣಿ ಒಳಗ ಉಳೀತೈತಿ, ನಾಳೆ ಅಲ್ಲೇ ಹುಣ್ಣಾಕ್ಕೈತಿ." ಪ್ಲಾಸ್ಟರಿನಿಂದ ಆಗುವ ಒತ್ತಡದ ಹುಣ್ಣಿನ ಕುರಿತು ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾನು ಯಾವ ತರಗತಿಯಲ್ಲಿಯೂ ಕೇಳಿಲ್ಲ.

ಮಣಿಕಟ್ಟಿನ ಎಲುಬು ಮುರಿದು ಬಂದವರಿಗೆ, ಅಂದರೆ ಕೋಲಿಸ್ ಫ್ರ್ಯಾಕ್ಚರ್ ಆದವರಿಗೆ, ಮುರಿದ ಜಾಗದಲ್ಲಿ ಸೇರಿದ ರಕ್ತದೊಳಗೆ ಮದ್ದು ಚುಚ್ಚಿ ಮರಗಟ್ಟಿಸಿ, ಒಬ್ಬರು ಮೊಣಕೈಯ ಮೇಲೆ ಹಿಡಿದು ಹಿಂದಕ್ಕೆ ಜಗ್ಗಿದರೆ ಇನ್ನೊಬ್ಬರು ಅಂಗೈಯನ್ನು ಮುಂದಕ್ಕೆ ಜಗ್ಗಿ, ಸೇರಿಕೊಂಡ ತುದಿಗಳು ಬಿಡುವವರೆಗೆ ಸಾವಕಾಶವಾಗಿ ಕಾದು, ನಂತರ ಸರಿಯಾದ ಸ್ಥಾನಕ್ಕೆ ಕೂರಿಸುವ ಕೆಲಸದಲ್ಲಿ ಇಲೆಕ್ಟಿವ್ ವಿದ್ಯಾರ್ಥಿಗೂ ಒಂದು ಕೈ ಸಿಗುತ್ತದೆ. ಸ್ಲ್ಯಾಬು, ಅಂದರೆ ಸುತ್ತಲೂ ಮುಚ್ಚದೆ ಒಂದು ಬದಿಗೆ ಹಾಕುವ ಪ್ಲಾಸ್ಟರ್ ಪಟ್ಟಿ, ಅಂಗೈಯ ಗೆರೆಯ ಹಿಂದೆಯೇ ನಿಲ್ಲಬೇಕು, ಬೆರಳಿನ ಬುಡದ ಕೀಲುಗಳು ಪೂರ್ತಿ ಮಡಚುವಂತಿರಬೇಕು. ಇದನ್ನು ಕಡೆಗಣಿಸಿದ್ದರಿಂದ ಎಲುಬು ಚೆನ್ನಾಗಿ ಕೂಡಿಕೊಂಡೂ ಮುಷ್ಟಿ ಕಟ್ಟಲಾಗದೆ ಉಳಿದವರನ್ನು ಅದೇ ಓಪಿಡಿಯಲ್ಲಿ ಕಂಡೆವು. ಹೊಸದಾಗಿ ಪೆಟ್ಟಾಗಿ ಬಾವು ಇನ್ನೂ ಏರುತ್ತಿರುವಾಗ ಸುತ್ತಲೂ ಮುಚ್ಚಿದ ಪ್ಲಾಸ್ಟರ್ ಹಾಕದೆ ಸ್ಲ್ಯಾಬು ಮಾತ್ರ ಹಾಕುವುದೇಕೆ, ಮನೆಗೆ ಕಳಿಸುವಾಗ ಏನು ಹೇಳಿ ಕಳಿಸಬೇಕು ಎಂಬುದು ಆ ಕೋಣೆಯ ಇನ್ನೊಂದು ಮುಖ್ಯ ಪಾಠ. ನೋವು ಇಳಿಯುವ ಬದಲು ಏರುತ್ತ ಹೋದರೆ, ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದಾಗ ಜೀವ ಹೋಗುವಷ್ಟು ನೋವಾದರೆ, ಜುಮ್ಮೆಂದರೆ, ರಾತ್ರಿಯಾದರೂ ಸರಿ ಬರಬೇಕು. ನಾಡಿ ಸಿಗುತ್ತಿದೆ ಎಂಬ ಸಮಾಧಾನದಲ್ಲಿ ವೈದ್ಯರೂ ಸುಮ್ಮನಿರುವಂತಿಲ್ಲ, ಏಕೆಂದರೆ ಸ್ನಾಯುಗಳು ಒತ್ತಡದಲ್ಲಿ ಸಾಯುತ್ತಿರುವಾಗಲೂ ನಾಡಿ ಬಡಿಯುತ್ತಲೇ ಇರಬಹುದು.

ವಾರಕ್ಕೊಮ್ಮೆ ಸೊಟ್ಟ ಪಾದದ ಕೂಸುಗಳು ಬರುವ ದಿನ ಈ ಕೋಣೆಯ ಸ್ವರೂಪವೇ ಬೇರೆ. ಪಾನ್ಸೆಟಿ ಪದ್ಧತಿಯಲ್ಲಿ ವಾರ ವಾರ ಪ್ಲಾಸ್ಟರ್ ಬದಲಿಸುತ್ತ, ಪಾದದ ಹೊರಬದಿಯಲ್ಲಿ ಎದ್ದಿರುವ ಟೇಲಸ್ ಎಲುಬಿನ ತಲೆಯ ಮೇಲೆ ಹೆಬ್ಬೆರಳಿಟ್ಟು ಪಾದವನ್ನು ಸಾವಕಾಶವಾಗಿ ಹೊರಕ್ಕೆ ತಿರುಗಿಸುತ್ತ, ಸುಮಾರು ಐದಾರು ಪ್ಲಾಸ್ಟರುಗಳಲ್ಲಿ ಪಾದವನ್ನು ಸರಿದಾರಿಗೆ ತರಲಾಗುತ್ತದೆ. ಹಿಮ್ಮಡಿಯ ಬಿಗಿತ ಕೊನೆಗೆ ಉಳಿಯುವುದರಿಂದ ಹೆಚ್ಚಿನ ಮಕ್ಕಳಲ್ಲಿ ಹಿಮ್ಮಡಿ ನರವೆಂದು ಜನರು ಕರೆಯುವ ಸ್ನಾಯುರಜ್ಜುವನ್ನು ಒಂದು ಸಣ್ಣ ಗಾಯದ ಮೂಲಕ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟರ್ ಕೂಡ ಮೊಣಕಾಲನ್ನು ಮಡಚಿ ತೊಡೆಯವರೆಗೆ ಹಾಕಬೇಕು, ಇಲ್ಲದಿದ್ದರೆ ಕೂಸು ಒದ್ದು ಕಳಚಿಕೊಳ್ಳುತ್ತದೆ. ಅಲ್ಲಿ ನಿಜವಾದ ಚಿಕಿತ್ಸೆ ನಡೆಯುವುದು ಆಮೇಲೆ. ಮೊದಲ ಮೂರು ತಿಂಗಳು ದಿನಕ್ಕೆ 23 ತಾಸು, ನಂತರ ನಾಲ್ಕು ವರ್ಷದ ವಯಸ್ಸಿನವರೆಗೆ ನಿದ್ದೆಯ ಹೊತ್ತಿನಲ್ಲಿ ಬ್ರೇಸ್ (ಪಟ್ಟಿಗೆ ಜೋಡಿಸಿದ ಬೂಟು) ಹಾಕಿಸಬೇಕು. ಹಾಕಿಸದಿದ್ದರೆ ಪಾದ ಮತ್ತೆ ಸೊಟ್ಟಗಾಗುತ್ತದೆ. ಇದನ್ನು ತಾಯಿಗೆ ಮಾತ್ರ ಹೇಳಿದರೆ ಸಾಲದು. ಜೊತೆಗೆ ಬಂದ ಅಜ್ಜಿಯನ್ನೂ ಕೂರಿಸಿಕೊಂಡು "ಕೂಸು ಅಳತೈತಿ ಅಂತ ಬೂಟು ಬಿಚ್ಚಬ್ಯಾಡ್ರಿ ಯವ್ವಾ" ಎಂದು ಹೇಳಬೇಕು ಎಂಬುದನ್ನು ಹಿರಿಯ ಪಿಜಿಯೊಬ್ಬರು (ಸ್ನಾತಕೋತ್ತರ ವಿದ್ಯಾರ್ಥಿ) ಕಲಿಸಿದರು. ಅವರ ಅನುಭವದಲ್ಲಿ ಬ್ರೇಸ್ ನಿಲ್ಲುವುದೂ ಬಿಡುವುದೂ ಆ ಮನೆಯ ಹಿರಿಯರ ಮಾತಿನಿಂದ.

ಓಪಿಡಿಯಲ್ಲಿ ವಿದ್ಯಾರ್ಥಿಯು ಮೊದಲು ರೋಗಿಯನ್ನು ನೋಡಿ, ನಂತರ ಅಧ್ಯಾಪಕರ ಎದುರು ಹೇಳುವ ಪದ್ಧತಿ ನಮ್ಮ ಯೂನಿಟ್ಟಿನಲ್ಲಿ ಇತ್ತು. ಇದು ಎಲ್ಲ ಯೂನಿಟ್ಟುಗಳಲ್ಲಿಯೂ ಇಲ್ಲ, ಆದ್ದರಿಂದ ಸೇರುವ ಮೊದಲೇ ವಿಚಾರಿಸಬೇಕು. ಎಕ್ಸ್‌ರೇ ಲಕೋಟೆಯನ್ನು ತೆರೆಯುವ ಮುನ್ನ ಕಾಲನ್ನು ನೋಡಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಬಚ್ಚಲಲ್ಲಿ ಜಾರಿ ಬಿದ್ದ ಮುದುಕಿಯ ಕಾಲು ಗಿಡ್ಡವಾಗಿದೆಯೇ, ಪಾದ ಹೊರಕ್ಕೆ ಹೊರಳಿದೆಯೇ ಎಂಬುದನ್ನು ಕಣ್ಣಿನಿಂದಲೇ ಹೇಳಿದರೆ ತೊಡೆಯ ಮೇಲ್ಭಾಗದ ಎಲುಬು ಮುರಿದಿದೆ ಎಂಬ ಅರ್ಧ ಉತ್ತರ ಸಿಕ್ಕಂತೆ. ಟೇಪಿನಿಂದ ಕಾಲಿನ ಉದ್ದ ಅಳೆಯುವಾಗ ಎರಡೂ ಕಾಲುಗಳನ್ನು ಒಂದೇ ಸ್ಥಿತಿಯಲ್ಲಿಡದೆ ಅಳೆದ ಅಳತೆಗೆ ಅರ್ಥವಿಲ್ಲ ಎಂಬಂಥ ಸಣ್ಣ ಸಂಗತಿಗಳು ಕೈ ಹಿಡಿದು ತಿದ್ದುವವರಿದ್ದರೆ ಮಾತ್ರ ಬರುತ್ತವೆ.

ಎಲುಬು ಕಟ್ಟುವ ನಾಟಿ ವೈದ್ಯರ ಬಳಿ ಹೋಗಿ ಬಂದವರ ಸಂಖ್ಯೆ ನಮ್ಮ ಕಡೆ ಈಗಲೂ ಕಡಿಮೆಯಾಗಿಲ್ಲ. ಮೊಣಕೈಯ ಮೇಲ್ಭಾಗದಲ್ಲಿ ಎಲುಬು ಮುರಿದ ಹುಡುಗನೊಬ್ಬ ಬಿದಿರಿನ ದಬ್ಬೆ ಬಿಗಿದ ಕೈಯೊಂದಿಗೆ ಬಂದಾಗ ಬೆರಳುಗಳು ಊದಿ ಹೊಳೆಯುತ್ತಿದ್ದವು. ಕಟ್ಟನ್ನು ಬಿಚ್ಚುತ್ತಲೇ ಅಧ್ಯಾಪಕರು ತಂದೆಯನ್ನು ಬೈಯಲಿಲ್ಲ. ಹುಡುಗನಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸೇರಿಸಿ ಗುಂಡಗೆ ಮಾಡಿ ತೋರಿಸಲು ಹೇಳಿದರು. ಅವನಿಂದ ಅದು ಆಗಲಿಲ್ಲ, ಬೆರಳುಗಳು ಚಪ್ಪಟೆಯಾಗಿಯೇ ಕೂಡಿದವು. ಈ ರೀತಿಯ ಮುರಿತದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವ ನರ ಯಾವುದೆಂಬುದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು, ಕಣ್ಣಾರೆ ನೋಡಿದ್ದು ಆಗಲೇ. ಚಿಕಿತ್ಸೆಗೆ ಮೊದಲು ಇದನ್ನು ಕೇಸ್ ಶೀಟಿನಲ್ಲಿ ಬರೆದಿಡದಿದ್ದರೆ ನಂತರ ಆಪರೇಷನ್‌ನಿಂದಲೇ ನರ ಹೋಯಿತೆಂಬ ಮಾತು ಬರುತ್ತದೆ ಎಂದು ಅವರು ಎಚ್ಚರಿಸಿದ್ದನ್ನು ಮುಂದೆ ಬರುವವರೂ ನೆನಪಿಡಬೇಕು. ಬೈಯದೆ ಮಾತಾಡಿಸಿದ್ದರಿಂದಲೇ ಆ ತಂದೆ ಕಟ್ಟು ಕಟ್ಟಿಸಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿದರು. ಅಂಥ ಕೈಯ ವಿಷಯದಲ್ಲಿ ಆ ಮಾಹಿತಿಗೆ ಬಹಳ ಬೆಲೆಯಿದೆ.

ಥಿಯೇಟರಿನ ಬಗ್ಗೆ ನಿರಾಸೆಯಾಗದಂತೆ ಹೇಳುವುದು ಕಷ್ಟ. ಮೇಜಿನ ಸುತ್ತ ಸರ್ಜನ್ನರು, ಸಹಾಯಕ್ಕೆ ಪಿಜಿಗಳು, ಅವರ ಹಿಂದೆ ಹೌಸ್ ಸರ್ಜನ್ನರು ನಿಂತ ಮೇಲೆ ಇಲೆಕ್ಟಿವ್ ವಿದ್ಯಾರ್ಥಿಗೆ ಹಸಿರು ಬಟ್ಟೆಯ ಹೊರತು ಬೇರೇನೂ ಕಾಣುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ಆಪರೇಷನ್ ನಡೆಯುತ್ತಿರುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆ. ತೊಡೆಯೆಲುಬಿನೊಳಗೆ ಸರಳು ಹಾಕುವ ಪಿಎಫ್‌ಎನ್ ಆಪರೇಷನ್ ಇದ್ದರೆ, ಹಿಂದಿನ ಸಂಜೆಯೇ ವಾರ್ಡಿಗೆ ಹೋಗಿ ರೋಗಿಯನ್ನು ಮಾತಾಡಿಸಿ, ಎಕ್ಸ್‌ರೇ ನೋಡಿ, ಮುರಿತದ ಗೆರೆಯನ್ನು ಸ್ವತಃ ಬಿಡಿಸಿಕೊಂಡು ಬಂದವರಿಗೆ ಪರದೆಯ ಮೇಲಿನ ಪ್ರತಿಯೊಂದು ಚಿತ್ರವೂ ಅರ್ಥವಾಗುತ್ತದೆ. ಹಾಗೆ ಬಾರದವರಿಗೆ ಅದು ನಿಂತು ಕಾಲು ನೋಯಿಸಿಕೊಳ್ಳುವ ಕೆಲಸವಷ್ಟೇ. ಇಲ್ಲಿ ನನ್ನದೊಂದು ಗಂಭೀರ ಆಕ್ಷೇಪವಿದೆ. ಸೀಸದ ಏಪ್ರನ್ನುಗಳು ಸರ್ಜರಿ ಮಾಡುವವರಿಗೇ ಸಾಲದಿದ್ದಾಗ, ವಿದ್ಯಾರ್ಥಿಗಳು ಅದಿಲ್ಲದೆ ಒಳಗೆ ನಿಲ್ಲುವುದನ್ನು ಯಾರೂ ತಡೆಯುವುದಿಲ್ಲ. ವಿಕಿರಣ ಮುಖ್ಯವಾಗಿ ಚದುರುವುದು ರೋಗಿಯ ದೇಹದಿಂದ. ದೂರ ಎರಡು ಪಟ್ಟಾದರೆ ಅದರ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಏಪ್ರನ್ ಸಿಗದವರು ಹಿಂದಕ್ಕೆ ಸರಿಯಬೇಕು, ಅಥವಾ ಹೊರಗೆ ಹೋಗಬೇಕು. ಇದನ್ನು ಕೇಳಲು ಸಂಕೋಚಪಡುವಂಥದ್ದೇನಿಲ್ಲ. ಏಪ್ರನ್ ಕೊಡಲಾಗದ ವಿಭಾಗವು ಅಷ್ಟು ವಿದ್ಯಾರ್ಥಿಗಳನ್ನು ಒಳಗೆ ಬಿಡಲೂಬಾರದು.

ಇನ್ನೊಂದು ಆಕ್ಷೇಪ ಹೆಣ್ಣುಮಕ್ಕಳನ್ನು ಕುರಿತದ್ದು. ಎಲುಬಿನ ವಿಭಾಗಕ್ಕೆ ತೋಳ್ಬಲ ಬೇಕು, ಹೆಣ್ಣುಮಕ್ಕಳಿಗೆ ಅದೇಕೆ ಎಂಬ ಮಾತನ್ನು ನಾನು ಸಹಪಾಠಿಗಳಿಂದಲೂ ಹಿರಿಯರಿಂದಲೂ ಕೇಳಿದೆ. ರೋಗಿಯ ಕಡೆಯವರು ನನ್ನನ್ನು ದಾಟಿ ಪಕ್ಕದ ಹುಡುಗನನ್ನು "ಡಾಕ್ಟರ್ರ" ಎಂದು ಕರೆದದ್ದೂ ಉಂಟು. ಭುಜ ಜಾರಿದವರ ಕೈಯನ್ನು ಮೈಗೆ ಆನಿಸಿ, ಮೊಣಕೈ ಮಡಚಿ, ಮುಂಗೈಯನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸುತ್ತ, ನೋವಾದಲ್ಲಿ ನಿಂತು, ಸ್ನಾಯು ಸಡಿಲವಾದ ಮೇಲೆ ಮುಂದುವರಿಸಿ ಕೀಲನ್ನು ಕೂರಿಸುವುದನ್ನು ಒಮ್ಮೆ ನೋಡಿದವರು ಈ ಮಾತನ್ನು ಮತ್ತೆ ಆಡಲಾರರು. ಅಲ್ಲಿ ಕೆಲಸ ಮಾಡುವುದು ತಾಳ್ಮೆ, ಬಲವಲ್ಲ. ಆಸಕ್ತಿ ಇರುವ ಹುಡುಗಿಯರು ಈ ಮಾತುಗಳಿಗೆ ಅಂಜಿ ಬೇರೆ ವಿಭಾಗ ಬರೆದುಕೊಡಬಾರದೆಂಬುದು ನನ್ನ ಮನಃಪೂರ್ವಕ ವಿನಂತಿ. ವಿಭಾಗಗಳೂ ರಾತ್ರಿ ಡ್ಯೂಟಿಯಲ್ಲಿ ಅವರಿಗೆ ಕೂರಲು, ಮಲಗಲು ಒಂದು ಕೋಣೆ ಕೊಡಬೇಕು. ನಮಗೆ ಅದು ಇರಲಿಲ್ಲ.

ರಾತ್ರಿ ಕ್ಯಾಶುಯಲ್ಟಿ ಡ್ಯೂಟಿ ಇಲೆಕ್ಟಿವ್ ವಿದ್ಯಾರ್ಥಿಗಳಿಗೆ ಕಡ್ಡಾಯವಲ್ಲ. ಕೇಳಿ ಹಾಕಿಸಿಕೊಳ್ಳಬೇಕು ಎಂಬುದು ನನ್ನ ಸಲಹೆ. ಎಲುಬು ಹೊರಬಂದ ಗಾಯವನ್ನು ಗುಸ್ಟಿಲೊ ಮತ್ತು ಆ್ಯಂಡರ್‌ಸನ್ 1976ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದನ್ನು ಓದುವುದು ಬೇರೆ. ಗಾಯವನ್ನು ತೊಳೆದು ಮುಚ್ಚಿ, ಆ್ಯಂಟಿಬಯೋಟಿಕ್ ಇಂಜೆಕ್ಷನ್ ಮತ್ತು ಟಿಟಿ ತಡವಿಲ್ಲದೆ ಕೊಟ್ಟು, ಮುರಿದ ಕಾಲು ಅಲುಗಾಡದಂತೆ ಥಾಮಸ್ ಸ್ಪ್ಲಿಂಟ್ ಹಾಕಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣದ ದಾಖಲೆ) ಬರೆಯುವವರೆಗಿನ ಕೆಲಸ ಯಾವ ಕ್ರಮದಲ್ಲಿ ಆಗಬೇಕೆಂಬುದನ್ನು ನಿಂತು ನೋಡುವುದು ಬೇರೆ. ಕಾಲಿನ ಭೀಕರ ಗಾಯದ ಮೇಲೆ ಎಲ್ಲರ ಕಣ್ಣಿರುವಾಗ, ಮೊದಲು ಉಸಿರಾಟವನ್ನೂ ಹೊಟ್ಟೆಯನ್ನೂ ನೋಡಿದವರು ಅಲ್ಲಿ ಒಬ್ಬರೇ ಪಿಜಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ ಎಂಬುದು, ರೇಷನ್ ಕಾರ್ಡ್ ಊರಲ್ಲಿ ಬಿಟ್ಟು ಬಂದ ಕುಟುಂಬಕ್ಕೆ ಆ ರಾತ್ರಿ ಏನು ಹೇಳಬೇಕು ಎಂಬುದು ಕೂಡ ಅಲ್ಲಿಯೇ ತಿಳಿಯುತ್ತದೆ.

ಮೌಲ್ಯಮಾಪನ ಮಾತ್ರ ಈ ತರಬೇತಿಯ ಅತ್ಯಂತ ದುರ್ಬಲ ಭಾಗ. ಲಾಗ್‌ಬುಕ್ಕಿನ ಎಲ್ಲ ಪುಟಗಳಿಗೂ ಕೊನೆಯ ದಿನ ಒಟ್ಟಿಗೆ ಸಹಿ ಬಿದ್ದಿತು. ನಾನು ಹಾಕಿದ ಸ್ಲ್ಯಾಬು ಹೇಗಿತ್ತು, ಸೊಂಟದ ಕೀಲಿನ ಪರೀಕ್ಷೆಯಲ್ಲಿ ಯಾವ ಹೆಜ್ಜೆ ಬಿಟ್ಟೆ ಎಂಬುದು ಎಲ್ಲಿಯೂ ದಾಖಲಾಗಲಿಲ್ಲ. ಶುರುವಿನಲ್ಲಿ ಒಮ್ಮೆ, ಮುಗಿಯುವಾಗ ಒಮ್ಮೆ, ಅಧ್ಯಾಪಕರ ಎದುರು ಒಂದು ಕೀಲನ್ನು ಪರೀಕ್ಷಿಸಿ ಒಂದು ಸ್ಲ್ಯಾಬು ಹಾಕಿಸಿ ನೋಡಿದರೆ ಸಾಕು, ಅದಕ್ಕೆ ಹಣವೂ ಬೇಕಾಗಿಲ್ಲ, ಹೊಸ ಉಪಕರಣವೂ ಬೇಕಾಗಿಲ್ಲ. ಪ್ಲಾಸ್ಟರ್ ಟೆಕ್ನಿಷಿಯನ್ ಕಲಿಸುವ ಪಾಠಕ್ಕೆ ಅವರ ಸಹಿಗೂ ಲಾಗ್‌ಬುಕ್ಕಿನಲ್ಲಿ ಒಂದು ಜಾಗ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಆರಿಸಿಕೊಳ್ಳುವವರಿಗೆ ಕೆಲವು ಮಾತು. ಬೇರೆ ಕಾಲೇಜಿನಲ್ಲಿ ಮಾಡುವುದಾದರೆ ಎರಡೂ ಕಡೆಯ ಪ್ರಾಂಶುಪಾಲರ ಒಪ್ಪಿಗೆ ಪತ್ರಕ್ಕೆ ಸಮಯ ಹಿಡಿಯುವುದರಿಂದ ಪರೀಕ್ಷೆಗೆ ಮೊದಲೇ ಅರ್ಜಿ ಕೊಡಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಅಪಘಾತದ ರೋಗಿಗಳು ಹೆಚ್ಚು, ಕೈಗೆ ಕೆಲಸವೂ ಹೆಚ್ಚು. ಖಾಸಗಿ ಕಾಲೇಜುಗಳಲ್ಲಿ ಕೀಲು ಬದಲಿ ಮತ್ತು ಆರ್ಥ್ರೋಸ್ಕೋಪಿ (ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಮಾಡುವ ಚಿಕಿತ್ಸೆ) ನೋಡಲು ಹೆಚ್ಚು ಅವಕಾಶವಿರಬಹುದು. ಎಂಎಸ್ ಆರ್ಥೋಪೆಡಿಕ್ಸ್ ಮಾಡುವ ಉದ್ದೇಶ ಇರುವವರಿಗೆ ನೀಟ್ ಪಿಜಿಯಲ್ಲಿ ಈ ಇಲೆಕ್ಟಿವ್‌ನಿಂದ ಒಂದು ಅಂಕವೂ ಹೆಚ್ಚಿಗೆ ಸಿಗುವುದಿಲ್ಲ, ಆದರೆ ಮೂರು ವರ್ಷ ಈ ಕೆಲಸ ತಮ್ಮಿಂದ ಆಗುತ್ತದೆಯೇ ಎಂಬುದು ಖಂಡಿತವಾಗಿ ತಿಳಿಯುತ್ತದೆ. ಕನ್ನಡ ಬಾರದ ಸಹಪಾಠಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ರೋಗಿಯ ಮಾತನ್ನು ತಿಳಿಸಿಕೊಡಿ. ಸೇರುವ ಮೊದಲು ಯೂನಿಟ್ಟಿನ ಪಿಜಿಗಳನ್ನು ಕಂಡು ಎರಡು ಪ್ರಶ್ನೆ ಕೇಳಿ: ಓಪಿಡಿಯಲ್ಲಿ ರೋಗಿಯನ್ನು ವಿದ್ಯಾರ್ಥಿ ಮೊದಲು ನೋಡುತ್ತಾನೆಯೇ, ಪ್ಲಾಸ್ಟರ್ ರೂಮಿನಲ್ಲಿ ಕೈ ಹಚ್ಚಲು ಬಿಡುತ್ತಾರೆಯೇ. ಎರಡಕ್ಕೂ ಹೌದೆಂಬ ಉತ್ತರ ಬಂದ ಯೂನಿಟ್ಟನ್ನೇ ಬರೆದುಕೊಡಿ, ಅದು ಯಾವ ಊರಿನ ಯಾವ ಕಾಲೇಜಿನದಾದರೂ ಸರಿ.